ಹಳೆ ಕಾಗದದ ಶಾಯಿ ಬಿಡಿಸಲು ಶಿಲೀಂಧ್ರದ ಕಿಣ್ವ: ಇಳುವರಿ ಏರಿದರೂ ಕೆಲಸ ಸಾಗದ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣ ಕಚೇರಿ ರದ್ದಿಯನ್ನು ಮರುಬಳಸಿ ಬಿಳಿ ಕಾಗದ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದಕ್ಕೂ, ಅದಕ್ಕೆ ಶಿಲೀಂಧ್ರದಿಂದ ಕಿಣ್ವ ತಯಾರಿಸಿಕೊಡಲು ಒಪ್ಪಿಕೊಂಡ ಪ್ರಯೋಗಾಲಯವೊಂದಕ್ಕೂ ಸಂಬಂಧಿಸಿದ್ದು. ಕಾರ್ಖಾನೆಗೆ ಎರಡು ಕೆಲಸಗಳು ಆಗಬೇಕಿದ್ದವು. ಶಾಯಿ ಬಿಡಿಸುವ ಹಂತದಲ್ಲಿ ಸುರಿಯುವ ಕಾಸ್ಟಿಕ್ ಸೋಡಾ, ಸೋಡಿಯಂ ಸಿಲಿಕೇಟ್ ಮುಂತಾದ ರಾಸಾಯನಿಕಗಳನ್ನು ಕಡಿಮೆ ಮಾಡಿ ತ್ಯಾಜ್ಯ ನೀರಿನ ಹೊರೆ ಇಳಿಸುವುದು ಮೊದಲನೆಯದು. ಆ ರಾಸಾಯನಿಕಗಳಿಗೂ ಜಗ್ಗದೆ ಹೊಸ ಹಾಳೆಯ ಮೇಲೆ ಕಪ್ಪು ಚುಕ್ಕೆಗಳಾಗಿ ಉಳಿಯುತ್ತಿದ್ದ ಟೋನರ್ ಚೂರುಗಳನ್ನು ತೆಗೆಯುವುದು ಎರಡನೆಯದು. ಪ್ರಯೋಗಾಲಯದವರು ದೀರ್ಘಕಾಲ ದುಡಿದು ಕಿಣ್ವದ ಇಳುವರಿಯನ್ನು ಹಲವು ಪಟ್ಟು ಏರಿಸಿದರು. ಆದರೆ ಅದೇ ಕಿಣ್ವ ಕಾರ್ಖಾನೆಯ ತಿರುಳಿನಲ್ಲಿ, ಅಂದರೆ ರದ್ದಿಯನ್ನು ನೀರಿನಲ್ಲಿ ಕಲಕಿದಾಗ ಸಿಗುವ ನಾರಿನ ಮುದ್ದೆಯಲ್ಲಿ, ಹೇಳಿಕೊಳ್ಳುವಂಥ ಕೆಲಸವನ್ನೇನೂ ಮಾಡಲಿಲ್ಲ. ಎರಡೂ ಕಡೆಯ ದಾಖಲೆಗಳನ್ನು ಓದಿ ಕಾರಣ ಹುಡುಕಲು ನನ್ನನ್ನು ಕರೆದದ್ದು ಆಗ. ಮುಂದಿನ ಮಾರ್ಪಾಡುಗಳನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಕಾರ್ಖಾನೆಯ ಫಲಿತಾಂಶದ ಅಂಕಿಗಳು ಅದರ ಸ್ವಂತ ಸೊತ್ತಾದ್ದರಿಂದ ಅವು ಏರಿದವೇ ಇಳಿದವೇ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ. ಬರಹದಲ್ಲಿ ಕಾಣುವ ಉಳಿದ ಸಂಖ್ಯೆಗಳು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಸಾಮಾನ್ಯ ಮೌಲ್ಯಗಳು.

ಟೋನರ್ ಏಕೆ ಇಷ್ಟು ಮೊಂಡು ಎಂಬುದನ್ನು ಮೊದಲು ತಿಳಿಯಬೇಕು. ಅದು ದ್ರವ ಶಾಯಿಯಲ್ಲ, ಇಂಗಾಲದ ಕಪ್ಪನ್ನು ಬೆರೆಸಿದ ಪ್ಲಾಸ್ಟಿಕ್ ಪುಡಿ. ಹೆಚ್ಚಾಗಿ ಸ್ಟೈರೀನ್–ಅಕ್ರಿಲೇಟ್ ಅಥವಾ ಪಾಲಿಯೆಸ್ಟರ್ ಜಾತಿಯದು. ಲೇಸರ್ ಪ್ರಿಂಟರಿನ ಬಿಸಿ ರೋಲರಿನ ಅಡಿಯಲ್ಲಿ ಅದು ಕರಗಿ ಕಾಗದದ ನಾರುಗಳಿಗೆ ಬೆಸೆದುಕೊಳ್ಳುತ್ತದೆ. ಪತ್ರಿಕೆಗಳ ಎಣ್ಣೆ ಆಧಾರಿತ ಶಾಯಿಯನ್ನು ಬಿಡಿಸುವ ಕ್ಷಾರ ಟೋನರನ್ನು ಅಲುಗಾಡಿಸುವುದಿಲ್ಲ. ಪಲ್ಪರಿನಲ್ಲಿ ರದ್ದಿಯನ್ನು ನೀರಿನೊಡನೆ ಕಲಕಿದಾಗ ಟೋನರ್ ಅಗಲವಾದ, ಚಪ್ಪಟೆಯಾದ ಚೂರುಗಳಾಗಿ ಒಡೆಯುತ್ತದೆ; ಚೂರುಗಳ ಅಂಚಿನಲ್ಲಿ ನಾರಿನ ಎಳೆಗಳು ಅಂಟಿಕೊಂಡೇ ಇರುತ್ತವೆ. ಮುಂದಿನ ಹಂತವಾದ ಫ್ಲೋಟೇಶನ್ ತೊಟ್ಟಿಯಲ್ಲಿ ಸುಮಾರು ಶೇಕಡಾ 1ರಷ್ಟು ನಾರು ಇರುವ ತೆಳು ತಿರುಳಿಗೆ ಗಾಳಿಯ ಗುಳ್ಳೆಗಳನ್ನು ಹಾಯಿಸುತ್ತಾರೆ. ನೀರನ್ನು ಒಲ್ಲದ ಶಾಯಿ ಕಣಗಳು ಗುಳ್ಳೆಗಳಿಗೆ ಅಂಟಿ ಮೇಲೇರುತ್ತವೆ, ನೊರೆಯೊಂದಿಗೆ ಹೊರಹೋಗುತ್ತವೆ. ಸುಮಾರು 10ರಿಂದ 100 ಮೈಕ್ರೋಮೀಟರ್ ಗಾತ್ರದ ಕಣಗಳಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಅದಕ್ಕಿಂತ ದೊಡ್ಡದಾಗಿ, ಮೈಗೆ ನಾರಿನ ಎಳೆ ಹೊತ್ತುಕೊಂಡಿರುವ ಟೋನರ್ ಚೂರು ಗುಳ್ಳೆಗೆ ನಿಲ್ಲುವುದಿಲ್ಲ, ಏಕೆಂದರೆ ನಾರು ನೀರನ್ನು ಹಿಡಿದುಕೊಳ್ಳುತ್ತದೆ.

ಕಿಣ್ವ ಮಾಡಬೇಕಾದ ಕೆಲಸ ಆ ಎಳೆಗಳನ್ನು ಕತ್ತರಿಸುವುದಷ್ಟೇ. ನಾರು ಸೆಲ್ಯುಲೋಸ್ ಸರಪಳಿಗಳಿಂದ ಆದದ್ದು, ಅದನ್ನು ಒಡೆಯುವ ಕಿಣ್ವಗಳಿಗೆ ಸೆಲ್ಯುಲೇಸ್ ಎಂದು ಹೆಸರು. ಅವುಗಳಲ್ಲಿ ಎಂಡೋಗ್ಲುಕನೇಸ್ ಎಂಬುದು ಈ ಸರಪಳಿಯನ್ನು ನಡುನಡುವೆ ತುಂಡರಿಸುತ್ತದೆ. ನಾರಿನ ಮೇಲ್ಮೈಯಲ್ಲಿ ಸಡಿಲವಾಗಿ ಎದ್ದುನಿಂತ ಸೂಕ್ಷ್ಮ ಎಳೆಗಳು ಅದಕ್ಕೆ ಮೊದಲು ಸಿಗುತ್ತವೆ. ಎಳೆ ಹೋದರೆ ಟೋನರ್ ಚೂರು ಬರಿದಾಗುತ್ತದೆ, ಬರಿದಾದ ಚೂರು ಗುಳ್ಳೆಗೆ ಅಂಟುತ್ತದೆ. ಹತ್ತಿ ಬಟ್ಟೆಯ ಮೇಲೆ ಏಳುವ ಜುಂಗನ್ನು ತೆಗೆಯಲು ಡಿಟರ್ಜೆಂಟುಗಳಿಗೆ ಸೇರಿಸುವ ಸೆಲ್ಯುಲೇಸ್ ಮಾಡುವುದೂ ಇದನ್ನೇ. ಕಾಗದದ ಶಾಯಿ ಬಿಡಿಸಲು ಕಿಣ್ವ ಬಳಸಬಹುದೆಂಬ ಪ್ರಯೋಗಗಳು 1990ರ ದಶಕದ ಆರಂಭದಿಂದಲೂ ನಡೆದಿವೆ. ಹಾಗಾಗಿ ಮೂಲ ಕಲ್ಪನೆಯಲ್ಲಿ ದೋಷವಿರಲಿಲ್ಲ.

ಮೊದಲ ಸುತ್ತಿನಲ್ಲಿ ನಡೆದದ್ದು

ಪ್ರಯೋಗಾಲಯ ಆರಿಸಿಕೊಂಡದ್ದು ಟ್ರೈಕೋಡರ್ಮಾ ರೀಸೈ ಶಿಲೀಂಧ್ರದ ರಟ್ ಸಿ-30 ಎಂಬ ತಳಿಯನ್ನು. ಸೆಲ್ಯುಲೇಸ್ ಎಂದೊಡನೆ ಯಾರಿಗಾದರೂ ಮೊದಲು ನೆನಪಾಗುವ ಹೆಸರು ಅದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೊಲೊಮನ್ ದ್ವೀಪಸಮೂಹದ ಬೂಗನ್‌ವಿಲ್ ದ್ವೀಪದಲ್ಲಿ ಅಮೆರಿಕದ ಸೈನ್ಯದ ಹತ್ತಿಯ ಡೇರೆ, ಬಟ್ಟೆಗಳನ್ನು ಕೊಳೆಸುತ್ತಿದ್ದ ಬೂಷ್ಟು ಇದರ ಮೂಲ. ಅಮೆರಿಕದ ನೇಟಿಕ್‌ನ ಸೇನಾ ಪ್ರಯೋಗಾಲಯದಲ್ಲಿ ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಮೊದಲಾದವರು ಅದನ್ನು ಅಭ್ಯಾಸ ಮಾಡಿದರು, ಪ್ರಭೇದಕ್ಕೆ ರೀಸ್ ಅವರ ಹೆಸರೇ ಬಂದಿತು. ಮುಂದೆ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಉತ್ಪರಿವರ್ತನೆಯಿಂದ ಪಡೆದ ರಟ್ ಸಿ-30 ತಳಿಯಲ್ಲಿ ಸಿಆರ್‌ಇ1 ಎಂಬ ವಂಶವಾಹಿ ಮೊಟಕಾಗಿದೆ. ಶಿಲೀಂಧ್ರ ಬೆಳೆಸುವ ಮಾಧ್ಯಮದಲ್ಲಿ ಗ್ಲುಕೋಸ್ ಇದ್ದಾಗ ಸೆಲ್ಯುಲೇಸ್ ತಯಾರಿಕೆಯನ್ನು ತಡೆಯುವ ನಿಯಂತ್ರಕ ಅದು. ಅದು ಕೆಟ್ಟಿರುವುದರಿಂದ ಈ ತಳಿ ಸಕ್ಕರೆಯ ನಡುವೆಯೂ ಕಿಣ್ವ ಸುರಿಸುತ್ತದೆ. ಇಷ್ಟು ಚರಿತ್ರೆ, ಇಷ್ಟು ತಿಳಿವಳಿಕೆ ಇರುವ ಜೀವಿಯನ್ನು ಬಿಟ್ಟು ಬೇರೆಯದನ್ನು ಹಿಡಿಯಲು ಯಾರೂ ಸುಲಭವಾಗಿ ಮುಂದಾಗುವುದಿಲ್ಲ.

ಮಾಧ್ಯಮವೂ ಪಠ್ಯದಲ್ಲಿರುವಂಥದ್ದೇ: ಮ್ಯಾಂಡೆಲ್ಸ್ ಲವಣಗಳು, ಸೆಲ್ಯುಲೋಸ್ ಪುಡಿ, ಕಿಣ್ವ ತಯಾರಿಕೆಗೆ ಪ್ರೇರಕವಾಗಿ ಲ್ಯಾಕ್ಟೋಸ್, ಕಿಣ್ವ ಕೋಶದಿಂದ ಹೊರಬರಲು ನೆರವಾಗುವ ಟ್ವೀನ್ 80. ಪ್ಲ್ಯಾಕೆಟ್–ಬರ್ಮನ್ ವಿನ್ಯಾಸದಿಂದ ಮುಖ್ಯ ಘಟಕಗಳನ್ನು ಜರಡಿ ಹಿಡಿದರು. 12 ಪ್ರಯೋಗಗಳಲ್ಲಿ 11 ಅಂಶಗಳವರೆಗೆ ತೂಗಿನೋಡಲು ಬರುವ ಈ ವಿನ್ಯಾಸ 1946ರಿಂದ ಬಳಕೆಯಲ್ಲಿದೆ. ಆಮೇಲೆ ಉಳಿದ ಕೆಲವು ಅಂಶಗಳಿಗೆ ಕೇಂದ್ರೀಯ ಸಂಯುಕ್ತ ವಿನ್ಯಾಸ ಹೂಡಿ, ಅಂಶಗಳ ಪ್ರಮಾಣ ಬದಲಾದಂತೆ ಇಳುವರಿ ಹೇಗೆ ಏರಿಳಿಯುತ್ತದೆಂದು ತೋರಿಸುವ ಪ್ರತಿಕ್ರಿಯಾ ಮೇಲ್ಮೈಯ ನಕ್ಷೆ ಎಳೆದು, ಶಿಖರ ಎಲ್ಲಿದೆ ಎಂದು ಗುರುತಿಸಿದರು. ಇಷ್ಟರಲ್ಲೇ ಕಿಣ್ವದ ಚಟುವಟಿಕೆ ಸಾಕಷ್ಟು ಏರಿತ್ತು. ಇನ್ನೂ ಏರಿಸಲು ಆಸ್ಪರ್ಜಿಲಸ್ ನೈಜರ್ ಎಂಬ ಇನ್ನೊಂದು ಶಿಲೀಂಧ್ರ ಬೆಳೆಸಿ ಅದರ ಬೀಟಾ-ಗ್ಲುಕೋಸಿಡೇಸ್ ಎಂಬ ಕಿಣ್ವವನ್ನು ಬೆರೆಸಿದರು. ಟ್ರೈಕೋಡರ್ಮಾದಲ್ಲಿ ಆ ಒಂದು ಕಿಣ್ವ ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಚಟುವಟಿಕೆ ಮತ್ತೊಂದು ಜಿಗಿತ ಕಂಡಿತು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಕೆಲಸದಲ್ಲಿ ಕೊಂಕು ತೆಗೆಯಲು ನನಗೆ ಏನೂ ಸಿಗಲಿಲ್ಲ.

ಕಾರ್ಖಾನೆಯ ತಿರುಳಿನಲ್ಲಿ ಮಾಡಿದ ಮೊದಲ ಪರೀಕ್ಷೆಯಲ್ಲಿ ಚುಕ್ಕೆಗಳು ಸ್ವಲ್ಪ ಇಳಿದವು, ಬಿಳುಪು ಕೂಡ ಸ್ವಲ್ಪ ಇಳಿಯಿತು. ಪ್ರಮಾಣವನ್ನು ದುಪ್ಪಟ್ಟು ಮಾಡಿದರೂ ಚುಕ್ಕೆಗಳು ಇನ್ನಷ್ಟು ಕಡಿಮೆಯಾಗಲಿಲ್ಲ. ಕಾರ್ಖಾನೆಯವರು ಕಿಣ್ವವೇ ದುರ್ಬಲ ಎಂದರು, ಪ್ರಯೋಗಾಲಯದವರು ಪಲ್ಪರ್ ನಡೆಸುವ ಕ್ರಮ ಸರಿಯಿಲ್ಲ ಎಂದರು. ಇಬ್ಬರ ವಾದಕ್ಕೂ ಕೈಯಲ್ಲಿ ಕಾಗದಪತ್ರವಿತ್ತು.

ಅಳೆದದ್ದು ಒಂದು, ಬೇಕಾದದ್ದು ಇನ್ನೊಂದು

ಪ್ರಯೋಗಾಲಯದ ದಾಖಲೆಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆ ಇತ್ತು: ಫಿಲ್ಟರ್ ಪೇಪರ್ ಯೂನಿಟ್. ವಾಟ್‌ಮನ್ 1ನೇ ನಂಬರಿನ ಸೋಸುಕಾಗದದಿಂದ 1 ಸೆಂ.ಮೀ. ಅಗಲ, 6 ಸೆಂ.ಮೀ. ಉದ್ದದ, ಸುಮಾರು 50 ಮಿಲಿಗ್ರಾಂ ತೂಗುವ ಪಟ್ಟಿಯನ್ನು ಕತ್ತರಿಸಿ, ಪಿಎಚ್ ಬದಲಾಗದಂತೆ 4.8ರಲ್ಲೇ ಹಿಡಿದಿಡುವ ಸಿಟ್ರೇಟ್ ಬಫರಿನಲ್ಲಿ ಕಿಣ್ವದೊಂದಿಗೆ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ನಿಮಿಷ ಇಡುತ್ತಾರೆ. ಬಿಡುಗಡೆಯಾದ ಸಕ್ಕರೆಯನ್ನು ಡಿಎನ್‌ಎಸ್ ಕಾರಕದೊಡನೆ ಕುದಿಸಿ, ಮೂಡಿದ ಕೆಂಪುಗಂದು ಬಣ್ಣವನ್ನು 540 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆಯುತ್ತಾರೆ. ಆ ಒಂದು ಗಂಟೆಯಲ್ಲಿ 2 ಮಿಲಿಗ್ರಾಂ ಗ್ಲುಕೋಸಿನಷ್ಟು ಸಕ್ಕರೆ ಬಿಡಿಸಲು ಕಿಣ್ವವನ್ನು ಎಷ್ಟು ತೆಳುಗೊಳಿಸಬೇಕಾಯಿತು ಎಂಬುದರಿಂದ ಯೂನಿಟ್ಟು ಲೆಕ್ಕವಾಗುತ್ತದೆ. 1987ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕ್ರಮ ಇದು, ಜಗತ್ತಿನೆಲ್ಲೆಡೆ ಚಾಲ್ತಿಯಲ್ಲಿದೆ. ಕೃಷಿ ತ್ಯಾಜ್ಯವನ್ನು ಸಕ್ಕರೆಯಾಗಿಸಿ ಎಥನಾಲ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದು ಕಷ್ಟ.

ಆದರೆ ಕಾಗದ ಕಾರ್ಖಾನೆಗೆ ಸಕ್ಕರೆ ಬೇಡ. ಅಲ್ಲಿ ಹುಟ್ಟುವ ಪ್ರತಿ ಗ್ರಾಂ ಸಕ್ಕರೆಯೂ ಕಳೆದುಹೋದ ನಾರಿನ ಲೆಕ್ಕ, ಜೊತೆಗೆ ತ್ಯಾಜ್ಯ ನೀರಿನ ಆಮ್ಲಜನಕ ಬೇಡಿಕೆಗೆ ಸೇರುವ ಹೊರೆ. ಫಿಲ್ಟರ್ ಪೇಪರ್ ಯೂನಿಟ್ಟು ಮೂರು ಬಗೆಯ ಕಿಣ್ವಗಳ ಒಟ್ಟಾರೆ ಕೆಲಸವನ್ನು ಅಳೆಯುತ್ತದೆ: ಸರಪಳಿಯನ್ನು ನಡುವೆ ತುಂಡರಿಸುವ ಎಂಡೋಗ್ಲುಕನೇಸ್, ತುದಿಯಿಂದ ಎರಡೆರಡು ಕೊಂಡಿಗಳನ್ನು ಕಳಚುತ್ತ ಹೋಗುವ ಸೆಲೋಬಯೋಹೈಡ್ರೋಲೇಸ್, ಆ ಎರಡು ಕೊಂಡಿಯ ಸೆಲೋಬಯೋಸನ್ನು ಒಡೆದು ಗ್ಲುಕೋಸ್ ಮಾಡುವ ಬೀಟಾ-ಗ್ಲುಕೋಸಿಡೇಸ್. ಶಾಯಿ ಬಿಡಿಸಲು ಮುಖ್ಯವಾಗಿ ಬೇಕಾದದ್ದು ಮೊದಲನೆಯದು. ಮೂರನೆಯದನ್ನು ಬೆರೆಸಿದಾಗ ಅಳತೆ ಏರಿದ್ದಕ್ಕೆ ಕಾರಣವೂ ಸ್ಪಷ್ಟ: ಸೆಲೋಬಯೋಸ್ ಶೇಖರವಾದರೆ ಹಿಂದಿನ ಕಿಣ್ವಗಳು ನಿಧಾನಿಸುತ್ತವೆ, ಅದನ್ನು ತೆಗೆದುಹಾಕಿದರೆ ಸಕ್ಕರೆ ಸರಾಗವಾಗಿ ಹರಿಯುತ್ತದೆ. ಟೋನರಿನ ಎಳೆ ಕತ್ತರಿಸುವ ಕೆಲಸಕ್ಕೆ ಇದರಿಂದ ಬಂದ ಲಾಭ ಏನೂ ಇಲ್ಲ. ಪ್ರಯೋಗಾಲಯ ಏರಿಸಿದ ಅಳತೆ ಬಹುಪಾಲು ಕಾರ್ಖಾನೆ ತಪ್ಪಿಸಬೇಕೆಂದಿದ್ದ ಫಲಿತಾಂಶದ ಅಳತೆಯಾಗಿತ್ತು. ಪ್ರಕರಣದ ತಿರುಳು ಇದೇ ಎಂದು ನನ್ನ ಅಭಿಪ್ರಾಯ. ಮುಂದಿನದೆಲ್ಲ ಇದನ್ನು ಸರಿಪಡಿಸಲು ಹೋದಾಗ ಎದ್ದುಬಂದ ಸಂಗತಿಗಳು.

ಎರಡನೆಯ ತೊಡಕು ಪಿಎಚ್‌ನದು. ಈಗಿನ ಕಚೇರಿ ಕಾಗದದಲ್ಲಿ ಫಿಲ್ಲರ್ ಆಗಿ ತುಂಬುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹಾಳೆಯ ತೂಕದಲ್ಲಿ ಅದರ ಪಾಲು ಐದನೆಯ ಒಂದರಷ್ಟಿರುವುದು ಅಪರೂಪವಲ್ಲ. ಅಂಥ ರದ್ದಿಯನ್ನು ಬರಿಯ ನೀರಿನಲ್ಲಿ ಕಲಕಿದರೂ ತಿರುಳಿನ ಪಿಎಚ್ 7.5ರಿಂದ 8ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಟ್ರೈಕೋಡರ್ಮಾದ ಸೆಲ್ಯುಲೇಸುಗಳು ಪಿಎಚ್ 5ರ ಹತ್ತಿರ ಚುರುಕಾಗಿದ್ದು 7 ದಾಟಿದರೆ ಬಹುಮಟ್ಟಿಗೆ ಕೈಚೆಲ್ಲುತ್ತವೆ. ಇದು ಪ್ರಯೋಗಾಲಯದವರಿಗೆ ತಿಳಿಯದ್ದೇನಲ್ಲ. ಪಲ್ಪರಿಗೆ ಗಂಧಕಾಮ್ಲ ಹಾಕಿ ಪಿಎಚ್ ಇಳಿಸಿಕೊಳ್ಳಿ ಎಂದು ಅವರು ವರದಿಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದರು. ಬೀಕರಿನಲ್ಲಿ ಇದು ಸಲೀಸು. ಪಲ್ಪರಿನಲ್ಲಿ ಆಮ್ಲ ಬಿದ್ದೊಡನೆ ಕಾರ್ಬೊನೇಟ್ ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ಬುರುಬುರು ನೊರೆಯೆಬ್ಬಿಸುತ್ತದೆ, ಕಾರ್ಬೊನೇಟ್ ಮುಗಿಯುವವರೆಗೆ ಪಿಎಚ್ ಅಲುಗುವುದೇ ಇಲ್ಲ. ಅಷ್ಟು ಆಮ್ಲ ಸುರಿದರೆ ದುಡ್ಡು ಕೊಟ್ಟು ಕೊಂಡ ರದ್ದಿಯ ತೂಕದ ಒಂದು ಭಾಗ ನೀರುಪಾಲಾಗುತ್ತದೆ, ನೀರಿನ ಗಡಸುತನ ಏರುತ್ತದೆ, ಕ್ಯಾಲ್ಸಿಯಂ ಸಲ್ಫೇಟ್ ಪೈಪುಗಳಲ್ಲಿ ಹೆಪ್ಪುಗಟ್ಟುತ್ತದೆ. ಕಾರ್ಖಾನೆಯ ಮೇಲ್ವಿಚಾರಕರು ಆ ಸಾಲನ್ನು ಓದಿ ವರದಿಯನ್ನು ಪಕ್ಕಕ್ಕಿಟ್ಟರು, ಅವರನ್ನು ದೂರುವಂತಿಲ್ಲ.

ಮೂರನೆಯದು ಕುದಿಸಿದ ಕಿಣ್ವದ ಪರೀಕ್ಷೆ. ಮೊದಲ ಸುತ್ತಿನಲ್ಲಿ ಇದು ನಡೆದೇ ಇರಲಿಲ್ಲ. ಕಿಣ್ವದ ದ್ರಾವಣವನ್ನು ಕುದಿಸಿ, ಅದರ ಚಟುವಟಿಕೆಯನ್ನೆಲ್ಲ ನಾಶಮಾಡಿ, ಅದೇ ಪ್ರಮಾಣದಲ್ಲಿ ತಿರುಳಿಗೆ ಹಾಕಿ ನೋಡಿದಾಗ ಮೊದಲ ಪರೀಕ್ಷೆಯಲ್ಲಿ ಕಂಡ ಸುಧಾರಣೆಯ ದೊಡ್ಡ ಪಾಲು ಇಲ್ಲಿಯೂ ಕಂಡಿತು. ಪ್ರೋಟೀನುಗಳು ತಾವೇ ನೊರೆಕಾರಕಗಳು. ಮಾಧ್ಯಮದಿಂದ ಉಳಿದುಬಂದ ಟ್ವೀನ್ 80 ಅಂತೂ ಶುದ್ಧ ಸರ್ಫ್ಯಾಕ್ಟಂಟ್, ಅಂದರೆ ಸೋಪಿನಂತೆ ವರ್ತಿಸುವ ವಸ್ತು. ಚುಕ್ಕೆಗಳು ಇಳಿದದ್ದು ಹೆಚ್ಚಾಗಿ ನೊರೆಯ ಪ್ರಭಾವದಿಂದ, ಕಿಣ್ವದ ಕತ್ತರಿಯಿಂದಲ್ಲ. ಈ ಒಂದು ನಿಯಂತ್ರಣ ಪರೀಕ್ಷೆ ಇಲ್ಲದೆ ಬರುವ ಶಾಯಿ ಬಿಡಿಸುವ ಕಿಣ್ವದ ಯಾವ ವರದಿಯನ್ನೂ ಅರ್ಧ ನಂಬಿಕೆಯಿಂದಲೇ ಓದಬೇಕೆಂಬುದು ಅಂದಿನಿಂದ ನನ್ನ ನಿಲುವು.

ಅಳತೆಯನ್ನು ಬದಲಿಸಿದ್ದು

ಮೊದಲು ಆದದ್ದು ಶಿಲೀಂಧ್ರದ ಬದಲಾವಣೆಯಲ್ಲ, ಅಳತೆಯ ಬದಲಾವಣೆ. ತಿರುಳನ್ನು ಹಿಂಡಿದಾಗ ಇಳಿದು ಮತ್ತೆ ಪಲ್ಪರಿಗೇ ಮರಳುವ ನೀರನ್ನು ಕಾರ್ಖಾನೆಯವರು ಬ್ಯಾಕ್ ವಾಟರ್ ಎನ್ನುತ್ತಾರೆ. ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಪಿಷ್ಟ, ಸರ್ಫ್ಯಾಕ್ಟಂಟಿನ ಶೇಷ, ಸಣ್ಣ ನಾರಿನ ಪುಡಿ ಎಲ್ಲವೂ ಇರುತ್ತವೆ. ಕಿಣ್ವ ದುಡಿಯಬೇಕಾದ ನಿಜವಾದ ಪರಿಸರ ಅದೇ ಆದ್ದರಿಂದ ಸಿಟ್ರೇಟ್ ಬಫರಿನ ಜಾಗಕ್ಕೆ ಸೋಸಿದ ಬ್ಯಾಕ್ ವಾಟರನ್ನೇ ಬಳಸಬೇಕೆಂದು ತೀರ್ಮಾನವಾಯಿತು. ಸೋಸುಕಾಗದದ ಬದಲು ಎಂಡೋಗ್ಲುಕನೇಸಿಗೆ ಸುಲಭವಾಗಿ ಒದಗುವ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಬಂತು.

ಇಲ್ಲಿ ಒಂದು ಮೋಸ ಅಡಗಿತ್ತು. ಡಿಎನ್‌ಎಸ್ ಕಾರಕಕ್ಕೆ ಸಕ್ಕರೆ ಎಲ್ಲಿಂದ ಬಂದಿತೆಂಬ ಭೇದವಿಲ್ಲ. ಶಿಲೀಂಧ್ರದ ಕಚ್ಚಾ ದ್ರಾವಣದಲ್ಲಿ ಅಮೈಲೇಸ್ ಇದ್ದೇ ಇರುತ್ತದೆ. ಬ್ಯಾಕ್ ವಾಟರಿನಲ್ಲಿ ಕಾಗದದ ಲೇಪನದಿಂದ ಬಂದ ಪಿಷ್ಟವಿರುತ್ತದೆ. ಅಮೈಲೇಸ್ ಆ ಪಿಷ್ಟವನ್ನು ಒಡೆದಾಗ ಬರುವ ಸಕ್ಕರೆ ಸೆಲ್ಯುಲೇಸಿನ ಖಾತೆಗೆ ಜಮೆಯಾಗುತ್ತದೆ. ಗೋಧಿ ಬೂಸಾದಂಥ ಆಧಾರದ ಮೇಲೆ ಬೆಳೆಸಿದ ದ್ರಾವಣವಾದರೆ ಅದರಲ್ಲೇ ಸಾಕಷ್ಟು ಸಕ್ಕರೆ ಮೊದಲೇ ಇರುತ್ತದೆ. ಆದ್ದರಿಂದ ಸಕ್ಕರೆ ಅಳೆಯುವುದನ್ನು ಬಿಟ್ಟು, ಬಣ್ಣ ಕಟ್ಟಿದ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಬಳಸಿದರು. ಎಂಡೋಗ್ಲುಕನೇಸ್ ಸರಪಳಿಯನ್ನು ತುಂಡರಿಸಿದಷ್ಟೂ ಬಣ್ಣದ ಸಣ್ಣ ತುಣುಕುಗಳು ಹೆಚ್ಚುತ್ತವೆ. ಆಲ್ಕೋಹಾಲ್ ಸುರಿದಾಗ ಉದ್ದ ಸರಪಳಿಗಳು ಗಟ್ಟಿಯಾಗಿ ತಳ ಸೇರುತ್ತವೆ, ತುಣುಕುಗಳು ಮೇಲಿನ ತಿಳಿಯಲ್ಲಿ ಉಳಿದು ಬಣ್ಣ ಕೊಡುತ್ತವೆ. ಪಿಷ್ಟದ ಗೊಂದಲ ಇದರಲ್ಲಿಲ್ಲ. ಹೊಸ ಅಳತೆಯಲ್ಲಿ ಹಳೆಯ ಟ್ರೈಕೋಡರ್ಮಾ ದ್ರಾವಣವನ್ನು ಇಟ್ಟಾಗ ನಳಿಕೆಯ ತಿಳಿ ಬಹುತೇಕ ಬಣ್ಣವಿಲ್ಲದೆಯೇ ಇತ್ತು. ಶ್ರಮವಹಿಸಿ ಗುರುತಿಸಿದ್ದ ಆ ಶಿಖರ ಈ ಅಳತೆಯಲ್ಲಿ ಸಮತಟ್ಟು ಬಯಲಾಗಿತ್ತು.

ಅಮೈಲೇಸನ್ನು ಅಳತೆಯಿಂದ ಹೊರಗಿಟ್ಟರೂ ಕಿಣ್ವದಿಂದ ಹೊರಗಿಡಲಿಲ್ಲ ಎಂಬುದನ್ನೂ ಹೇಳಬೇಕು. ಟೋನರ್ ಎಷ್ಟೋ ಕಡೆ ನಾರಿಗಿಂತ ಮೇಲ್ಮೈಯ ಪಿಷ್ಟದ ಪದರಕ್ಕೇ ಅಂಟಿರುತ್ತದೆ, ಆ ಪದರ ಸಡಿಲವಾದರೆ ಅರ್ಧ ಕೆಲಸ ಆದಂತೆ.

ಬೇರೆ ಶಿಲೀಂಧ್ರ, ಬೇರೆ ಬೆಳೆ

ಹೊಸ ಅಳತೆಯಲ್ಲಿ ಕೆಲವು ಶಿಲೀಂಧ್ರಗಳನ್ನು ಪರೀಕ್ಷಿಸಿದ ಬಳಿಕ ಉಳಿದದ್ದು ಹ್ಯುಮಿಕೋಲಾ ಇನ್ಸೋಲೆನ್ಸ್. ಇದು ಬಿಸಿ ಬಯಸುವ ಶಿಲೀಂಧ್ರ, ಕಾಂಪೋಸ್ಟ್ ರಾಶಿಗಳಲ್ಲಿ ಸಹಜವಾಗಿ ಸಿಗುತ್ತದೆ. ಇದರ ಎಂಡೋಗ್ಲುಕನೇಸುಗಳು ತಟಸ್ಥದಿಂದ ತುಸು ಕ್ಷಾರೀಯ ಪಿಎಚ್‌ನಲ್ಲಿ ಚೆನ್ನಾಗಿ ದುಡಿಯುತ್ತವೆ, 50 ಡಿಗ್ರಿಯ ಪಲ್ಪರಿನಲ್ಲಿ ಕೆಡದೆ ನಿಲ್ಲುತ್ತವೆ. ಡಿಟರ್ಜೆಂಟ್ ಉದ್ಯಮ ಹತ್ತಿ ಬಟ್ಟೆಗೆಂದು ಬಳಸುವ ಕ್ಷಾರ ಸಹಿಷ್ಣು ಸೆಲ್ಯುಲೇಸುಗಳಲ್ಲಿ ಹೆಸರಾದದ್ದು ಈ ಶಿಲೀಂಧ್ರದಿಂದಲೇ ಬಂದದ್ದು. ಹಾಗಿದ್ದರೂ ಮಾರುಕಟ್ಟೆಯ ಶುದ್ಧ ಕಿಣ್ವವನ್ನೇ ಕೊಳ್ಳಬಹುದಿತ್ತಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಾರ್ಖಾನೆ ಅದನ್ನೂ ಪರಿಶೀಲಿಸಿತ್ತು. ಟನ್ನುಗಟ್ಟಲೆ ತಿರುಳಿಗೆ ಬೇಕಾಗುವ ಕಿಣ್ವವನ್ನು ತನ್ನದೇ ಹೊರಹಾಕುವ ನಾರಿನ ಮೇಲೆ ಬೆಳೆಸಿಕೊಳ್ಳಬೇಕೆಂಬುದು ಅದರ ಹಟವಾಗಿತ್ತು.

ಆ ಹಟದಿಂದಾಗಿ ಬೆಳೆಸುವ ವಿಧಾನವೂ ಬದಲಾಯಿತು. ದ್ರವ ಮಾಧ್ಯಮ ಬಿಟ್ಟು ಘನಸ್ಥಿತಿ ಹುದುಗುವಿಕೆಗೆ ಹೋದರು: ಗೋಧಿ ಬೂಸಾ ಮತ್ತು ಜರಡಿಯಲ್ಲಿ ಉದುರಿಹೋಗುವ ಸಣ್ಣ ನಾರನ್ನು ಬೆರೆಸಿ, ಲವಣದ ನೀರಿನಿಂದ ಶೇಕಡಾ 65ರ ಆಸುಪಾಸಿನ ತೇವಕ್ಕೆ ತಂದು, ಇತರ ಸೂಕ್ಷ್ಮಜೀವಿಗಳು ಸಾಯುವಂತೆ 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಆಟೋಕ್ಲೇವ್ ಮಾಡಿ, ಬೀಜಕಗಳನ್ನು ಬಿತ್ತಿ, 45 ಡಿಗ್ರಿಯ ಕೋಣೆಯಲ್ಲಿಟ್ಟರು. ಬೂಸಾ ಸಾರಜನಕ ಕೊಡುತ್ತದೆ, ನಾರು ಸೆಲ್ಯುಲೇಸಿಗೆ ಪ್ರೇರಣೆ ಕೊಡುತ್ತದೆ. ಫ್ಲೋಟೇಶನ್ ತೊಟ್ಟಿಯ ಶಾಯಿ ನೊರೆಯ ಕೆಸರನ್ನು ಬೇಕೆಂದೇ ಹೊರಗಿಟ್ಟರು, ಅದರಲ್ಲಿರುವ ಕಪ್ಪು ಮತ್ತೆ ಕಿಣ್ವದೊಡನೆ ತಿರುಳಿಗೆ ಮರಳಿದರೆ ಮಾಡಿದ್ದೆಲ್ಲ ವ್ಯರ್ಥ. ಸಣ್ಣ ನಾರಿನಲ್ಲೂ ಕಾರ್ಬೊನೇಟ್ ಉಳಿದಿರುತ್ತದೆ. ಟ್ರೈಕೋಡರ್ಮಾಗೆ ಅದು ತೊಂದರೆಯಾಗುತ್ತಿತ್ತು, ಹ್ಯುಮಿಕೋಲಾಗೆ ಪಿಎಚ್ ಕುಸಿಯದಂತೆ ಹಿಡಿದಿಡುವ ನೆರವಾಯಿತು.

ಫ್ಲಾಸ್ಕಿನಿಂದ ಟ್ರೇಗೆ ಹೋದಾಗ ಎಲ್ಲರಿಗೂ ಎದುರಾಗುವ ತೊಂದರೆ ಇಲ್ಲಿಯೂ ಎದುರಾಯಿತು. ಬೂಸಾ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ. ಫ್ಲಾಸ್ಕಿನ ತಳದಲ್ಲಿ ತೆಳುವಾಗಿ ಹರಡಿದಾಗ ಬೆಳವಣಿಗೆಯ ಬಿಸಿ ತಾನಾಗಿ ಹೊರಟುಹೋಗುತ್ತದೆ. ಟ್ರೇಯಲ್ಲಿ ದಪ್ಪವಾಗಿ ಹಾಕಿದರೆ ನಡುಭಾಗ ಕಾಯುತ್ತದೆ, ಅಲ್ಲಿ ಆಮ್ಲಜನಕವೂ ಸಾಲದು. ಬಿಸಿ ಬಯಸುವ ಶಿಲೀಂಧ್ರ ತಾನೇ ಎಂದು ಪ್ರಯೋಗಾಲಯ ಮೊದಮೊದಲು ಇದನ್ನು ಲೆಕ್ಕಿಸಲಿಲ್ಲ. ಬಿಸಿಯೇನೋ ಅದಕ್ಕೆ ಅಷ್ಟಾಗಿ ನಾಟಲಿಲ್ಲ, ಆದರೆ ಆ ಉಷ್ಣತೆಯಲ್ಲಿ ಮೇಲ್ಪದರ ಬೇಗ ಒಣಗಿತು. ಟ್ರೇಯನ್ನು ಅಡ್ಡ ಸೀಳಿ ನೋಡಿದಾಗ ಮೂರು ಪಟ್ಟಿ ಕಂಡವು: ಮೇಲೆ ಒಣಗಿ ಬೆಳವಣಿಗೆ ನಿಂತ ತಿಳಿಗಂದು ಹೊಪ್ಪಳೆ, ನಡುವೆ ಬಿಳಿಯ ಕವಕಜಾಲ (ಶಿಲೀಂಧ್ರದ ಎಳೆಗಳ ಬಲೆ) ಹೆಣೆದುಕೊಂಡ ಒಳ್ಳೆಯ ಪದರ, ತಳದಲ್ಲಿ ಉಸಿರುಕಟ್ಟಿ ಹುಳಿವಾಸನೆ ಬರುತ್ತಿದ್ದ ಒದ್ದೆ ಮುದ್ದೆ. ಮೂರನ್ನೂ ಒಟ್ಟಿಗೆ ಹಿಂಡಿ ಅಳೆದ ಸರಾಸರಿಯಿಂದ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಪದರದ ದಪ್ಪವನ್ನು ಕೆಲವೇ ಸೆಂಟಿಮೀಟರಿಗೆ ಇಳಿಸಿ, ತಳಕ್ಕೆ ತೂತಿನ ಜಾಲರಿ ಹಾಕಿ, ತೇವದಿಂದ ತುಂಬಿದ ಗಾಳಿ ಹಾಯಿಸಿದ ಮೇಲೆ ನಡುವಿನ ಪದರವೇ ಬಹುತೇಕ ಇಡೀ ಟ್ರೇ ಆಯಿತು. ಆಗಾಗ ಮಗುಚಿ ಹಾಕುವ ಯೋಚನೆಯನ್ನು ಕೈಬಿಟ್ಟರು, ಏಕೆಂದರೆ ಮಗುಚಿದಾಗ ಕವಕಜಾಲ ಹರಿಯುತ್ತದೆ.

ಎರಡನೆಯ ಸುತ್ತಿನ ವಿನ್ಯಾಸದಲ್ಲಿ ಅಂಶಗಳನ್ನು ಕಡಿಮೆ ಮಾಡಿದರು: ತೇವ, ಬೂಸಾ–ನಾರಿನ ಅನುಪಾತ, ಕೊಯ್ಲಿನ ಹೊತ್ತು. ಅಳೆಯುವ ಫಲವನ್ನು ಮಾತ್ರ ಹೆಚ್ಚಿಸಿದರು. ಬ್ಯಾಕ್ ವಾಟರಿನಲ್ಲಿ ಎಂಡೋಗ್ಲುಕನೇಸ್ ಚಟುವಟಿಕೆ, ದ್ರಾವಣದ ಕಂದು ಬಣ್ಣ, ತಿರುಳಿನಿಂದ ಬಿಡುಗಡೆಯಾಗುವ ಸಕ್ಕರೆ ಈ ಮೂರನ್ನೂ ಒಟ್ಟಿಗೆ ನೋಡಿ, ಮೊದಲನೆಯದು ಏರುವ, ಉಳಿದೆರಡು ಏರದ ಜಾಗ ಹುಡುಕಿದರು. ಒಂದೊಂದೇ ಅಂಶವನ್ನು ಅಲುಗಿಸಿ ನೋಡಿದ್ದರೆ ತೇವ ಮತ್ತು ನಾರಿನ ಪಾಲು ಒಂದನ್ನೊಂದು ಎಳೆಯುವುದು ಕಾಣುತ್ತಿರಲಿಲ್ಲ. ನಾರು ನೀರನ್ನು ಹೀರಿ ಹಿಡಿದುಕೊಳ್ಳುವುದರಿಂದ ಅದರ ಪಾಲು ಹೆಚ್ಚಿಸಿದಾಗ ಅದೇ ಶೇಕಡಾ ತೇವದಲ್ಲೂ ಶಿಲೀಂಧ್ರಕ್ಕೆ ಸಿಗುವ ನೀರು ಬೇರೆಯಾಗುತ್ತದೆ.

ಕೊಯ್ಲಿನ ಹೊತ್ತು ಬಣ್ಣದಿಂದಲೇ ನಿರ್ಧಾರವಾಯಿತು ಎನ್ನಬಹುದು. ಹ್ಯುಮಿಕೋಲಾ ಬೀಜಕ ಕಟ್ಟಲು ತೊಡಗಿದಾಗ ಟ್ರೇ ಬೂದುಗಂದಾಗಿ ಕಪ್ಪಿಗೆ ತಿರುಗುತ್ತದೆ. ಚಟುವಟಿಕೆ ಆಗಲೂ ಅಷ್ಟಿಷ್ಟು ಏರುತ್ತಿತ್ತು, ಆದರೆ ಆ ಏರಿಕೆಯನ್ನು ಬಿಟ್ಟುಕೊಟ್ಟು ಕಪ್ಪಾಗುವ ಮೊದಲೇ ತೆಗೆಯುವುದೆಂದು ನಿಶ್ಚಯಿಸಿದರು. ಇದಕ್ಕೆ ಕೆಲಸಗಾರರ ಶ್ವಾಸದ ಕಾರಣವೂ ಇದೆ: ಬೀಜಕದ ಧೂಳು, ಒಣ ಕಿಣ್ವದ ಪುಡಿ ಎರಡೂ ಅಲರ್ಜಿ ಮತ್ತು ಅಸ್ತಮಾ ತರಬಲ್ಲವು. ಆದ್ದರಿಂದ ಕಿಣ್ವವನ್ನು ಪುಡಿ ಮಾಡದೆ ದ್ರವವಾಗಿಯೇ ಉಳಿಸಿಕೊಂಡರು.

ಬಿಳುಪು, ಪೆರಾಕ್ಸೈಡ್ ಮತ್ತು ನಾರಿನ ಬಲ

ಮೊದಲ ಪರೀಕ್ಷೆಯಲ್ಲಿ ಬಿಳುಪು ಇಳಿದದ್ದರ ಉತ್ತರ ದ್ರಾವಣದ ಬಣ್ಣದಲ್ಲೇ ಇತ್ತು, ಹೊಸ ದ್ರಾವಣದಲ್ಲಿ ಆ ಅಪಾಯ ಇನ್ನೂ ಹೆಚ್ಚು. ಬೂಸಾವನ್ನು ಆಟೋಕ್ಲೇವಿನಲ್ಲಿ ಬೇಯಿಸಿದಾಗ ಅದರ ಸಕ್ಕರೆ ಮತ್ತು ಪ್ರೋಟೀನು ಕೂಡಿ ಕಂದು ಬಣ್ಣ ಕಟ್ಟುತ್ತವೆ. ಹಿಂಡಿ ತೆಗೆದ ದ್ರಾವಣ ಕಡುಚಹಾದಂತಿರುತ್ತದೆ. ಕಾಗದದ ಬಿಳುಪನ್ನು 457 ನ್ಯಾನೋಮೀಟರಿನ ನೀಲಿ ಬೆಳಕಿನಲ್ಲಿ ಅಳೆಯುವುದರಿಂದ ಹಳದಿ–ಕಂದು ಬಣ್ಣ ಎಷ್ಟು ಕಡಿಮೆ ಅಂಟಿದರೂ ಅಂಕಿ ಕುಸಿಯುತ್ತದೆ, ಟೋನರ್ ಹೋದ ಲಾಭ ಅದರಲ್ಲಿ ಮುಚ್ಚಿಹೋಗುತ್ತದೆ. ಆಟೋಕ್ಲೇವಿನಲ್ಲಿ ಬೇಯಿಸುವ ಅವಧಿಯನ್ನು ಅಗತ್ಯವಿದ್ದಷ್ಟಕ್ಕೆ ಇಳಿಸಿ, 10 ಕಿಲೋಡಾಲ್ಟನ್ ಪೊರೆಯ ಅಲ್ಟ್ರಾಫಿಲ್ಟರೇಶನ್ ಹಾಕಿದಾಗ ಕಿಣ್ವ ಮೇಲೆ ಉಳಿದು ಸಣ್ಣ ಬಣ್ಣದ ಅಣುಗಳು, ಸಕ್ಕರೆ ಕೆಳಗೆ ಹರಿದುಹೋದವು. ಟ್ವೀನ್ 80 ಅನ್ನು ಮಾಧ್ಯಮದಿಂದಲೇ ಕೈಬಿಟ್ಟದ್ದರಿಂದ ಇಳುವರಿ ತುಸು ಕಡಿಮೆಯಾಯಿತು, ಆದರೆ ಫ್ಲೋಟೇಶನ್ ತೊಟ್ಟಿಯ ನೊರೆ ಮತ್ತೆ ನಿರ್ವಾಹಕರ ಹಿಡಿತಕ್ಕೆ ಬಂತು.

ಇದಕ್ಕಿಂತ ಗಂಭೀರವಾದದ್ದು ಕೆಟಲೇಸ್. ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಈ ಕಿಣ್ವ ಶಿಲೀಂಧ್ರದ ಕಚ್ಚಾ ದ್ರಾವಣದಲ್ಲಿ ಸಾಮಾನ್ಯ, ಮತ್ತು ಕಾಗದವನ್ನು ಬಿಳುಪಾಗಿಸುವುದು ಪೆರಾಕ್ಸೈಡೇ. ಇದನ್ನು ಪತ್ತೆಹಚ್ಚಲು ಯಾವ ಉಪಕರಣವೂ ಬೇಕಾಗಲಿಲ್ಲ. ನಳಿಕೆಯಲ್ಲಿ ಸ್ವಲ್ಪ ದ್ರಾವಣ ಹಾಕಿ ಮೇಲಿಂದ ಪೆರಾಕ್ಸೈಡ್ ಬಿಟ್ಟಾಗ ನೊರೆ ನಳಿಕೆಯ ಬಾಯಿ ದಾಟಿ ಬೆರಳ ಮೇಲೆ ಹರಿಯಿತು. ಬಿಸಿಮಾಡಿ ಕೆಟಲೇಸನ್ನಷ್ಟೇ ಕೊಲ್ಲೋಣವೆಂದರೆ, ಶಾಖಪ್ರಿಯ ಶಿಲೀಂಧ್ರದ ಕೆಟಲೇಸ್ ಕೂಡ ಶಾಖಕ್ಕೆ ಗಟ್ಟಿ, ಎಂಡೋಗ್ಲುಕನೇಸಿನಷ್ಟೇ ತಾಳುತ್ತದೆ. ಪೊರೆಯೂ ನೆರವಾಗದು, ಏಕೆಂದರೆ ಕೆಟಲೇಸ್ ಎಂಡೋಗ್ಲುಕನೇಸಿಗಿಂತಲೂ ದೊಡ್ಡ ಅಣು. ಹೀಗಾಗಿ ಪರಿಹಾರ ಕಿಣ್ವದಲ್ಲಿ ಸಿಗಲಿಲ್ಲ, ಕಾರ್ಖಾನೆಯ ಕ್ರಮದಲ್ಲಿ ಹುಡುಕಬೇಕಾಯಿತು. ಪಲ್ಪರಿಗೆ ಹಾಕುತ್ತಿದ್ದ ಪೆರಾಕ್ಸೈಡನ್ನು ಪೂರ್ತಿ ನಿಲ್ಲಿಸಿ, ಪಲ್ಪರನ್ನು ಕಿಣ್ವಕ್ಕೆ ಬಿಟ್ಟುಕೊಟ್ಟು, ಫ್ಲೋಟೇಶನ್ ಮುಗಿದು ತಿರುಳನ್ನು ತೊಳೆದು ಗಟ್ಟಿಮಾಡಿದ ನಂತರದ ಹಂತಕ್ಕೆ ಪೆರಾಕ್ಸೈಡನ್ನು ಸರಿಸಿದರು. ಈ ಬದಲಾವಣೆಯೊಂದಿಗೆ ಪಲ್ಪರಿನ ಕಾಸ್ಟಿಕ್ ಸೋಡಾ ಮತ್ತು ಸಿಲಿಕೇಟಿನ ಅಗತ್ಯವೂ ಹೋಯಿತು, ಅಲ್ಲಿ ಅವು ಇದ್ದದ್ದೇ ಬಹುಮಟ್ಟಿಗೆ ಪೆರಾಕ್ಸೈಡಿನ ಜೊತೆಗಾರರಾಗಿ.

ಪ್ರಮಾಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಎಂಡೋಗ್ಲುಕನೇಸ್ ಅತಿಯಾದರೆ ಮೇಲ್ಮೈ ಎಳೆಗಳ ಜೊತೆಗೆ ನಾರಿನ ಬಲವೂ ಹೋಗುತ್ತದೆ, ಹಾಳೆ ಸುಲಭವಾಗಿ ಹರಿಯುತ್ತದೆ. ಅದಕ್ಕೆ ಮೊದಲೇ ಕಾಣುವ ಸುಳಿವೊಂದಿದೆ: ಸಣ್ಣ ಎಳೆಗಳು ಕಡಿಮೆಯಾದಂತೆ ತಿರುಳಿನಿಂದ ನೀರು ಬೇಗ ಇಳಿಯುತ್ತದೆ, ಯಂತ್ರದವರಿಗೆ ಇದು ಹಿತ. ನೀರು ಇಳಿಯುವ ವೇಗ ಏರುತ್ತಿದ್ದು ಹರಿಯುವ ಬಲ ಇನ್ನೂ ಕುಸಿಯದ ಜಾಗದಲ್ಲಿ ಪ್ರಮಾಣವನ್ನು ನಿಲ್ಲಿಸಿದರು. ಕುದಿಸಿದ ಕಿಣ್ವದ ಪರೀಕ್ಷೆಯನ್ನು ಪ್ರತಿ ಬ್ಯಾಚಿಗೂ ಕಡ್ಡಾಯ ಮಾಡಿದರು. ಜೀವಂತ ಕಿಣ್ವ ಮತ್ತು ಕುದಿಸಿದ ಕಿಣ್ವದ ನಡುವಣ ಚುಕ್ಕೆಗಳ ವ್ಯತ್ಯಾಸವನ್ನೇ ಕಿಣ್ವದ ಫಲವೆಂದು ಬರೆಯುವುದು, ಒಟ್ಟು ಇಳಿಕೆಯನ್ನಲ್ಲ. ಹಾಗೆ ಬರೆದಾಗ ಅಂಕಿ ಚಿಕ್ಕದಾಗಿಯೇ ಕಾಣುತ್ತದೆ, ಆದರೆ ಅದು ಮರುದಿನವೂ ಅಷ್ಟೇ ಇರುತ್ತದೆ.

ಈಗಿನ ಸ್ಥಿತಿ

ಕಾರ್ಖಾನೆ ಈಗ ಟೋನರ್ ಹೆಚ್ಚಿರುವ ಕಚೇರಿ ರದ್ದಿಯ ಲೋಡುಗಳಿಗೆ ಮಾತ್ರ ಕಿಣ್ವ ಬಳಸುತ್ತಿದೆ. ಪತ್ರಿಕೆ ಮತ್ತು ಹೊಳಪು ನಿಯತಕಾಲಿಕೆಗಳು ಬೆರೆತು ಬಂದರೆ ಹಳೆಯ ಕ್ಷಾರದ ಕ್ರಮಕ್ಕೇ ಮರಳುತ್ತಾರೆ. ಎಣ್ಣೆ ಶಾಯಿಗೆ ಅದೇ ಸಾಕು, ಮತ್ತು ಅಲ್ಲಿ ಕಿಣ್ವದ ಖರ್ಚಿಗೆ ಸಮರ್ಥನೆಯಿಲ್ಲ. ಹೀಗೆ ಎರಡು ಕ್ರಮಗಳ ನಡುವೆ ಅತ್ತಿತ್ತ ಹೋಗಬೇಕಾದದ್ದು ಪಲ್ಪರ್ ನಡೆಸುವವರಿಗೆ ಕಿರಿಕಿರಿಯೆಂಬುದು ನಿಜ, ರದ್ದಿಯನ್ನು ಅಂಗಳದಲ್ಲೇ ವಿಂಗಡಿಸುವ ಶಿಸ್ತೂ ಇದಕ್ಕೆ ಬೇಕಾಯಿತು.

ಪೂರ್ತಿ ಬಗೆಹರಿಯದೆ ಉಳಿದದ್ದು ಕೆಟಲೇಸಿನದೇ. ತೊಳೆದು ಗಟ್ಟಿಮಾಡಿದಾಗ ಇಳಿಯುವ ನೀರು ಬ್ಯಾಕ್ ವಾಟರಾಗಿ ಮತ್ತೆ ಮೊದಲಿನಿಂದ ಸುತ್ತುವುದರಿಂದ ಕೆಟಲೇಸ್ ಅದರಲ್ಲಿ ದಿನೇ ದಿನೇ ಸೇರುತ್ತ ಹೋಗುತ್ತದೆ. ಮರುಬಳಕೆ ಕಾರ್ಖಾನೆಗಳ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ತಮ್ಮ ಪಾಲನ್ನೂ ಸೇರಿಸುತ್ತವೆ. ತಿರುಳನ್ನು ಬಿಳುಪಾಗಿಸುವ ಪೆರಾಕ್ಸೈಡ್ ಗೋಪುರದಿಂದ ಹೊರಬರುವ ತಿರುಳಿನಲ್ಲಿ ಉಳಿಕೆ ಪೆರಾಕ್ಸೈಡ್ ಎಷ್ಟಿದೆಯೆಂದು ಪ್ರತಿ ಪಾಳಿಯಲ್ಲಿ ಅಳೆದು, ಅದು ನಿಗದಿತ ಮಟ್ಟಕ್ಕಿಂತ ಇಳಿದರೆ ಬ್ಯಾಕ್ ವಾಟರಿನ ಒಂದು ಭಾಗವನ್ನು ಶುದ್ಧೀಕರಣಕ್ಕೆ ಬಿಟ್ಟು ಹೊಸ ನೀರು ತುಂಬುತ್ತಾರೆ. ಕೆಟಲೇಸ್ ಕಡಿಮೆ ಸುರಿಸುವ ಹ್ಯುಮಿಕೋಲಾ ರೂಪಾಂತರಕ್ಕಾಗಿ ಪ್ರಯೋಗಾಲಯ ತಳಿ ಆಯ್ಕೆ ನಡೆಸಿದೆ. ಬೆಳೆದ ಪ್ರತಿ ತಳಿಯ ದ್ರಾವಣಕ್ಕೆ ಪೆರಾಕ್ಸೈಡ್ ಬಿಟ್ಟು ನೊರೆಯ ಎತ್ತರ ನೋಡುವುದು ಅಲ್ಲಿ ಮೊದಲ ಜರಡಿ, ಬ್ಯಾಕ್ ವಾಟರಿನಲ್ಲಿ ಎಂಡೋಗ್ಲುಕನೇಸ್ ಅಳೆಯುವುದು ಎರಡನೆಯದು.